ಶಾಫ್ಟಿಗೆ ಇಎನ್ 19 ಸಾಕೇ, ಇಎನ್ 24 ಬೇಕೇ?

ಇಎನ್ 19, ಇಎನ್ 24 ಎರಡೂ ಯಂತ್ರಭಾಗಗಳಿಗೆ ಬಳಸುವ ಮಿಶ್ರಲೋಹ ಉಕ್ಕುಗಳು. ಎರಡರಲ್ಲೂ ಸುಮಾರು ಶೇ. 0.4ರಷ್ಟು ಇಂಗಾಲವಿದ್ದು, ಕ್ರೋಮಿಯಂ ಮತ್ತು ಮಾಲಿಬ್ಡಿನಮ್ ಎರಡಕ್ಕೂ ಸಾಮಾನ್ಯ. ಇಎನ್ 24ರಲ್ಲಿ ಇವುಗಳ ಜೊತೆಗೆ ಸುಮಾರು ಶೇ. 1.5ರಷ್ಟು ನಿಕ್ಕಲ್ ಇರುತ್ತದೆ. ಇಎನ್ 24ರ ಬೆಲೆ ಹೆಚ್ಚಿರಲು ಮುಖ್ಯ ಕಾರಣ ಇದೇ.

ಆಯ್ಕೆಯನ್ನು ನಿರ್ಧರಿಸಬೇಕಾದುದು ಮೊದಲಿಗೆ ಭಾಗದ ದಪ್ಪ. ಕ್ವೆಂಚಿಂಗ್ ಮಾಡಿದಾಗ, ಅಂದರೆ ಕಾಯಿಸಿದ ಉಕ್ಕನ್ನು ಥಟ್ಟನೆ ತಣಿಸಿದಾಗ, ಮೇಲ್ಮೈ ಬೇಗನೆ ತಣಿಯುತ್ತದೆ, ಒಡಲು ನಿಧಾನವಾಗಿ ತಣಿಯುತ್ತದೆ. ಆ ನಿಧಾನದಲ್ಲೂ ಉಕ್ಕು ಗಟ್ಟಿಯಾಗುವಂತೆ ನಿಕ್ಕಲ್ ನೆರವಾಗುತ್ತದೆ. ಆದ್ದರಿಂದಲೇ 850ರಿಂದ 1000 ಮೆಗಾಪಾಸ್ಕಲ್ ಕರ್ಷಣ ಬಲದ (ಎಳೆತ ತಾಳುವ ಬಲದ) 'ಟಿ' ಎಂಬ ಉಷ್ಣೋಪಚಾರದ ಸ್ಥಿತಿಯನ್ನು ಹಳೆಯ ಬ್ರಿಟಿಷ್ ಮಾನಕ ಬಿಎಸ್ 970 ಇಎನ್ 19ಕ್ಕಿಂತ ಇಎನ್ 24ಕ್ಕೆ ಹೆಚ್ಚು ದಪ್ಪದವರೆಗೆ ಒಪ್ಪುತ್ತಿತ್ತು. ಹೀಗಾಗಿ 50 ಮಿ.ಮೀ. ಶಾಫ್ಟು, ಸ್ಟಡ್ಡು, ಸಾಧಾರಣ ಗೇರುಗಳಿಗೆ ಇಎನ್ 24 ಕೊಳ್ಳುವುದು ನನ್ನ ಮಟ್ಟಿಗೆ ಅನಾವಶ್ಯಕ ಖರ್ಚು, 120 ಮಿ.ಮೀ. ದಪ್ಪದ, ಪೆಟ್ಟು ತಿನ್ನುವ ಶಾಫ್ಟಿಗೆ ಇಎನ್ 19 ಬಳಸುವುದು ತಪ್ಪು ಉಳಿತಾಯ.

ಉಷ್ಣೋಪಚಾರದಲ್ಲಿ ವ್ಯತ್ಯಾಸ ಕಡಿಮೆ. ಎರಡನ್ನೂ ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ತಡಮಾಡದೆ 550ರಿಂದ 660 ಡಿಗ್ರಿಯ ನಡುವೆ ಟೆಂಪರಿಂಗ್ (ಪೆಡಸುತನ ತಗ್ಗಿಸಲು ಮತ್ತೆ ಕಾಯಿಸುವುದು) ಮಾಡುತ್ತಾರೆ. ಟೆಂಪರಿಂಗ್ ಉಷ್ಣತೆ ಏರಿದಂತೆ ಗಡಸುತನ ಇಳಿದು ತಾಳಿಕೆ ಹೆಚ್ಚುತ್ತದೆ. ಇಎನ್ 24ನ್ನು 250ರಿಂದ 375 ಡಿಗ್ರಿಯ ನಡುವೆ ಟೆಂಪರ್ ಮಾಡಲೇಬಾರದು, ಏಕೆಂದರೆ ಅಲ್ಲಿ ಅದು ಪೆಡಸಾಗಿ ಪೆಟ್ಟಿಗೆ ಬಿರಿಯುತ್ತದೆ.

ವೆಲ್ಡಿಂಗ್ ಅನಿವಾರ್ಯವಾದರೆ ಎರಡೂ ಕಷ್ಟದವೇ: ಮೊದಲೇ ಬಿಸಿ ಮಾಡದಿದ್ದರೆ ಬಿರುಕು ಬಿಡುತ್ತವೆ.