ಸಿವಿಲ್ 3ಡಿ ಫೀಚರ್ ಲೈನ್: ಲೆವೆಲ್ ಉಳಿಯುತ್ತದೆ, ಇಳಿಜಾರು ಉಳಿಯುವುದಿಲ್ಲ

ಆಟೋಡೆಸ್ಕ್‌ನ ವಿನ್ಯಾಸ ತಂತ್ರಾಂಶವಾದ ಸಿವಿಲ್ 3ಡಿಯಲ್ಲಿ ನಿವೇಶನದ ಗ್ರೇಡಿಂಗ್, ಅಂದರೆ ನೆಲದ ಏರಿಳಿತದ ವಿನ್ಯಾಸ, ಮಾಡುವವರ ಬಹುಪಾಲು ಸಮಯ ಫೀಚರ್ ಲೈನ್‌ಗಳ, ಅಂದರೆ ಎತ್ತರದ ಮಾಹಿತಿಯನ್ನೂ ಹೊತ್ತ ಗೆರೆಗಳ, ಮೇಲೆಯೇ ಕಳೆಯುತ್ತದೆ. ಕರ್ಬ್‌ನ ಅಂಚು, ರ‍್ಯಾಂಪ್, ಚರಂಡಿಯ ತಳ, ಕಟ್ಟಡದ ಪ್ಯಾಡ್ ಮುಂತಾಗಿ ನೆಲದ ರೂಪವನ್ನು ನಿರ್ಧರಿಸುವ ಗೆರೆಗಳೆಲ್ಲ ಸಾಮಾನ್ಯವಾಗಿ ಇವೇ ಆಗಿರುತ್ತವೆ. ಈ ಗೆರೆಗಳನ್ನು ತಿದ್ದುವಾಗ ಕೊಟ್ಟ ಇಳಿಜಾರು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದೊಂದನ್ನೇ ಇಲ್ಲಿ ಪರಿಶೀಲಿಸಿದ್ದೇನೆ.

ಇಳಿಜಾರನ್ನು ಕೊಡುವ ಸಾಧನಗಳು ನಿಜಕ್ಕೂ ಚೆನ್ನಾಗಿವೆ. ಕ್ವಿಕ್ ಎಲಿವೇಶನ್ ಎಡಿಟ್ ಆದೇಶದಲ್ಲಿ ಕರ್ಸರನ್ನು ಬಿಂದುವಿನ ಮೇಲೆ ತಂದರೆ ಲೆವೆಲ್ (ಎತ್ತರ), ಎರಡು ಬಿಂದುಗಳ ನಡುವಿನ ತುಂಡಿನ ಮೇಲೆ ತಂದರೆ ಗ್ರೇಡ್ (ಇಳಿಜಾರಿನ ಪ್ರಮಾಣ) ಕಾಣಿಸುತ್ತದೆ. ಅಲ್ಲೇ ಕ್ಲಿಕ್ ಮಾಡಿ ಹೊಸ ಸಂಖ್ಯೆಯನ್ನು ಕೊಡಬಹುದು. ಎರಡು ಬಿಂದುಗಳ ನಡುವೆ ಗ್ರೇಡ್ ನಿಗದಿಪಡಿಸುವ ಆದೇಶವಂತೂ ನನಗೆ ಬಹಳ ಇಷ್ಟ: ಮೊದಲ ಬಿಂದುವಿನ ಲೆವೆಲನ್ನು ಹಿಡಿದು ಶೇ. 2ರ ಇಳುಕಲು ಕೊಟ್ಟರೆ ನಡುವಿನ ಬಿಂದುಗಳೆಲ್ಲ ಅದೇ ಇಳಿಜಾರಿಗೆ ಬಂದು ಕೂರುತ್ತವೆ.

ತೊಡಕಿರುವುದು ಆ ನಂತರದ ತಿದ್ದುಪಡಿಯಲ್ಲಿ. ಫೀಚರ್ ಲೈನ್ ತನ್ನಲ್ಲಿ ಇಟ್ಟುಕೊಳ್ಳುವುದು ಬಿಂದುಗಳ ಲೆವೆಲನ್ನೇ ಹೊರತು ಗ್ರೇಡನ್ನಲ್ಲ. ಬಿಂದುಗಳ ವಿವರ ತೋರಿಸುವ ಎಲಿವೇಶನ್ ಎಡಿಟರ್ ಪಟ್ಟಿಯಲ್ಲಿ ಕಾಣುವ ಗ್ರೇಡ್, ಲೆವೆಲ್‌ಗಳ ವ್ಯತ್ಯಾಸವನ್ನು ಉದ್ದದಿಂದ ಭಾಗಿಸಿದಾಗ ಸಿಗುವ ಸಂಖ್ಯೆಯಷ್ಟೇ. 6 ಮೀಟರ್ ಉದ್ದದ, 1:12 ಇಳಿಜಾರಿನ ರ‍್ಯಾಂಪ್ ಒಂದನ್ನು ತೆಗೆದುಕೊಳ್ಳಿ. ಅದು ಏರುವುದು 0.5 ಮೀಟರ್. ಗೋಡೆ ಸ್ವಲ್ಪ ಒಳಕ್ಕೆ ಬಂತೆಂದು ಮೇಲ್ತುದಿಯ ಗ್ರಿಪ್ (ಎಳೆಯುವ ಹಿಡಿಕೆ) ಹಿಡಿದು ಉದ್ದವನ್ನು 5.4 ಮೀಟರ್‌ಗೆ ಇಳಿಸಿದರೆ ಎರಡೂ ತುದಿಗಳ ಲೆವೆಲ್ ಹಾಗೆಯೇ ಉಳಿದು, ಇಳಿಜಾರು 1:10.8ಕ್ಕೆ, ಅಂದರೆ ಶೇ. 8.33ರಿಂದ ಶೇ. 9.26ಕ್ಕೆ ಏರುತ್ತದೆ. ಪ್ಲಾನ್‌ನಲ್ಲಿ ಗೆರೆ ಒಂದಿಷ್ಟು ಗಿಡ್ಡವಾಯಿತೇ ಹೊರತು ಬೇರೇನೂ ಕಾಣುವುದಿಲ್ಲ. ಗಾಲಿಕುರ್ಚಿಯಲ್ಲಿ ಹತ್ತುವವರಿಗೆ ಮಾತ್ರ ಈ ವ್ಯತ್ಯಾಸ ತೋಳಿನಲ್ಲೇ ತಿಳಿಯುತ್ತದೆ. ತಂತ್ರಾಂಶದೊಳಗಿನ ಒಂದೇ ಗುಂಪಿನಲ್ಲಿ (ಸೈಟ್) ಇರುವ ಎರಡು ಫೀಚರ್ ಲೈನ್‌ಗಳು ಒಂದನ್ನೊಂದು ದಾಟುವಲ್ಲಿಯೂ ಇಂಥದ್ದೇ ಎಚ್ಚರ ಬೇಕು: ಅಲ್ಲಿ ಎರಡಕ್ಕೂ ಲೆವೆಲ್ ಒಂದೇ ಆಗಿರುವುದರಿಂದ, ಕೊನೆಗೆ ತಿದ್ದಿದ ಗೆರೆ ಇನ್ನೊಂದರ ಇಳಿಜಾರನ್ನು ಮುರಿಯಬಲ್ಲದು.

ಗಮನಿಸಬೇಕಾದ ಸಂಗತಿಯೆಂದರೆ ಇದೇ ತಂತ್ರಾಂಶಕ್ಕೆ ಲಾಕ್ ಎಂಬ ಕಲ್ಪನೆ ಹೊಸದಲ್ಲ. ಗ್ರೇಡಿಂಗ್ ಕ್ರೈಟೀರಿಯಾದಲ್ಲಿ (ಗ್ರೇಡಿಂಗ್‌ನ ನಿಯಮಗಳು) ಕಟ್ (ಅಗೆತ) ಅಥವಾ ಫಿಲ್ (ಭರ್ತಿ) ಇಳಿಜಾರನ್ನು 2:1, ಅಂದರೆ ಇಲ್ಲಿ ಅಡ್ಡಕ್ಕೆ ಎರಡು ಎತ್ತರಕ್ಕೆ ಒಂದು, ಎಂದು ಬರೆದು ಅದರ ಪಕ್ಕದ ಲಾಕ್ ಹಾಕಿದರೆ, ಗ್ರೇಡಿಂಗ್ ರಚಿಸುವಾಗ ಆ ಮೌಲ್ಯವನ್ನು ಮತ್ತೆ ಕೇಳುವುದಿಲ್ಲ. ಆದರೆ ಆ ಲಾಕ್ ಗೆರೆಯಿಂದ ಪಕ್ಕಕ್ಕೆ ಚಾಚುವ ಇಳಿಜಾರಿಗೆ ಸೇರಿದ್ದು; ಗೆರೆಯ ಉದ್ದಕ್ಕೂ ಇರುವ ಇಳಿಜಾರಿಗೆ ಅದರಿಂದ ರಕ್ಷಣೆಯಿಲ್ಲ.

ಗೆರೆಯ ಇಳಿಜಾರಿಗೂ ಲಾಕ್ ಇರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ, ಆದರೂ ಅದು ಒಂದು ಗುಂಡಿಯನ್ನು ಸೇರಿಸಿದಷ್ಟು ಸುಲಭವಲ್ಲ ಎಂಬುದನ್ನು ಒಪ್ಪಬೇಕು. ಉದ್ದ, ಇಳಿಜಾರು, ತುದಿಗಳ ಲೆವೆಲ್ ವ್ಯತ್ಯಾಸ ಈ ಮೂರರಲ್ಲಿ ಎರಡನ್ನು ಹಿಡಿದರೆ ಮೂರನೆಯದು ತಾನಾಗಿಯೇ ನಿರ್ಧಾರವಾಗುತ್ತದೆ. ಆದ್ದರಿಂದ ಇಳಿಜಾರನ್ನು ಹಿಡಿಯಬೇಕೆಂದರೆ ಯಾವ ತುದಿ ಮೇಲೆ ಕೆಳಗೆ ಸರಿಯಬೇಕು, ಆ ತುದಿಗೆ ಅಂಟಿಕೊಂಡ ಮುಂದಿನ ತುಂಡು ಏನಾಗಬೇಕು ಎಂಬುದನ್ನು ವಿನ್ಯಾಸಕಾರನೇ ಹೇಳುವಂತಿರಬೇಕು. ಪ್ರತಿ ತುಂಡಿಗೂ ಲಾಕ್, ಪ್ರತಿ ಬಿಂದುವಿಗೂ ‘ಸರಿಯಬಹುದು’ ಅಥವಾ ‘ಸರಿಯಕೂಡದು’ ಎಂಬ ಗುರುತು, ಎರಡೂ ಹೊಂದದಿದ್ದಾಗ ಸ್ಪಷ್ಟ ಎಚ್ಚರಿಕೆ, ಇಷ್ಟಿದ್ದರೆ ಸಾಕು.

ಸದ್ಯಕ್ಕೆ ನಾನು ಅನುಸರಿಸುವ ಕ್ರಮ ಹೀಗಿದೆ: ಪ್ಲಾನ್‌ನಲ್ಲಿ ಗೆರೆಗಳ ಸ್ಥಾನವನ್ನು ಅಂತಿಮಗೊಳಿಸಿದ ಮೇಲೆಯೇ ಗ್ರೇಡ್ ಕೊಡುತ್ತೇನೆ, ಆಮೇಲೆ ಯಾವುದೇ ತುದಿಯನ್ನು ಎಳೆದರೂ ಆ ತುಂಡಿಗೆ ಗ್ರೇಡ್ ಆದೇಶವನ್ನು ಇನ್ನೊಮ್ಮೆ ನಡೆಸಿ, ಎಲಿವೇಶನ್ ಎಡಿಟರ್ ತೆರೆದು, ಅದರ ಹಿಂದಿನ ಮತ್ತು ಮುಂದಿನ ತುಂಡುಗಳ ಗ್ರೇಡನ್ನೂ ಓದಿ ನೋಡಿದ ನಂತರವೇ ಈ ಗೆರೆಗಳಿಂದಾಗುವ ನೆಲದ ಮಾದರಿಯನ್ನು (ಸರ್ಫೇಸ್) ನಂಬುತ್ತೇನೆ.