ರಾಸಾಯನಿಕ ಹೆಸರುಗಳನ್ನು ಬಿಡಿಸಿ ಓದಿಸುವ ಆ್ಯಪ್: ಒಂದು ತಿಂಗಳ ಬಳಕೆಯ ಬಳಿಕ

ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ನೆರವಾದೀತೆಂದು ಉಚ್ಚಾರಣೆಯ ಆ್ಯಪ್ ಒಂದಕ್ಕೆ ತಿಂಗಳ ಚಂದಾ ಕಟ್ಟಿದ್ದೆ. ಸಂಯುಕ್ತದ ಹೆಸರನ್ನು ಟೈಪ್ ಮಾಡಿದರೆ ಅದು ಹೆಸರನ್ನು ತುಂಡು ಮಾಡಿ ತೋರಿಸಿ, ಒಂದೊಂದು ತುಂಡನ್ನೂ ನಿಧಾನವಾಗಿ ಉಚ್ಚರಿಸಿ, ಕೊನೆಗೆ ಇಡಿಯಾಗಿ ಹೇಳುತ್ತದೆ.

ಚಿಕ್ಕ ಹೆಸರುಗಳಲ್ಲಿ ಇದರ ಕೆಲಸ ನಿಜಕ್ಕೂ ಚೆನ್ನಾಗಿದೆ. ಈಥೇನ್, ಈಥೀನ್, ಈಥೈನ್ ಎಂಬ ಮೂರು ಹೆಸರುಗಳಲ್ಲಿ ಬದಲಾಗುವುದು ಒಂದೇ ಸ್ವರ. ಕಾರ್ಬನ್ ಪರಮಾಣುಗಳ ನಡುವೆ ಇರುವುದು ಏಕಬಂಧವೋ ದ್ವಿಬಂಧವೋ ತ್ರಿಬಂಧವೋ ಎಂಬುದನ್ನು ಆ ಸ್ವರವೇ ಹೇಳುತ್ತದೆ. ಕ್ಲೋರೈಡ್, ಕ್ಲೋರೈಟ್, ಕ್ಲೋರೇಟ್‌ಗಳಲ್ಲಿಯೂ ಕೊನೆಯ ಒಂದು ಸ್ವರವೋ ವ್ಯಂಜನವೋ ಬದಲಾದರೆ ಅರ್ಥವೇ ಬದಲಾಗುತ್ತದೆ. ಈ ವ್ಯತ್ಯಾಸಗಳನ್ನು ಆ್ಯಪ್ ತಪ್ಪಿಲ್ಲದೆ ಕೇಳಿಸುತ್ತದೆ.

ತೊಡಕು ಇರುವುದು ಉದ್ದನೆಯ ಹೆಸರುಗಳಲ್ಲಿ. ನೀರಿನ ಗಡಸುತನ ಅಳೆಯಲು ಬಳಸುವ ಇಡಿಟಿಎಯ ಪೂರ್ಣ ಹೆಸರನ್ನು ಕೊಟ್ಟಾಗ ಆ್ಯಪ್ ಅದನ್ನು 'ಡಯಾಮಿ', 'ನೆಟ್', 'ಟ್ರಾಸೆಟಿಕ್' ಎಂದು ಕಡಿದು ಹಾಕಿತು. ಸರಿಯಾದ ವಿಭಜನೆ ಎಥಿಲೀನ್, ಡೈ, ಅಮೀನ್, ಟೆಟ್ರಾ, ಅಸೆಟಿಕ್, ಆಸಿಡ್ ಎಂದಾಗಬೇಕು. ಹಾಗೆ ಬಿಡಿಸಿದರೆ ಎಥಿಲೀನ್ ಕೊಂಡಿಯ ಎರಡು ತುದಿಗಳಲ್ಲಿ ಎರಡು ಅಮೀನ್‌ಗಳು, ಅವುಗಳಿಗೆ ಅಂಟಿಕೊಂಡ ನಾಲ್ಕು ಅಸೆಟಿಕ್ ಆಮ್ಲದ ಭಾಗಗಳು ಕಣ್ಣೆದುರೇ ನಿಲ್ಲುತ್ತವೆ. ಟೆಟ್ರಾ ಮತ್ತು ಅಸೆಟಿಕ್ ನಡುವೆ ಆ್ಯಪ್ ಮಾಡಿದ್ದು ನಮ್ಮ ಸವರ್ಣದೀರ್ಘ ಸಂಧಿ. ಇಂಗ್ಲಿಷ್ ಬರವಣಿಗೆಯಲ್ಲಿ ಎರಡು ಸ್ವರಗಳನ್ನೂ ಉಳಿಸಿಕೊಂಡ ಹೆಸರಿನಲ್ಲಿ ಒಂದು ಸ್ವರ ಹೀಗೆ ಕಾಣೆಯಾಗಬಾರದು. ಹಳಗನ್ನಡದ ಪದ್ಯವನ್ನು ಪದಚ್ಛೇದ ಮಾಡದೆ ಓದಿದರೆ ಅರ್ಥ ದಕ್ಕದಿರುವಂತೆಯೇ, ಇಲ್ಲಿಯೂ ಬಾಯಿಗೆ ಸುಲಭವಾದ ಕಡೆ ನಿಲ್ಲಿಸದೆ ಅರ್ಥ ಮುಗಿದ ಕಡೆ ನಿಲ್ಲಿಸಬೇಕು. ಡಿಡಿಟಿಯ ಪೂರ್ಣ ಹೆಸರಿನ ಕೊನೆಯಲ್ಲಿಯೂ ಇದೇ ದೋಷ ಕಂಡಿತು: 'ಟ್ರೈಕ್ಲೋರೋ' ಮತ್ತು 'ಈಥೇನ್' ಬೆಸೆದು 'ಕ್ಲೋರೀಥೇನ್' ಆಯಿತು.

ಮೀಥೈಲ್ ಎನ್ನುವ ಬ್ರಿಟಿಷ್ ರೂಢಿಗೂ ಮೆಥಿಲ್ ಎನ್ನುವ ಅಮೆರಿಕನ್ ರೂಢಿಗೂ ಬೇರೆ ಬೇರೆ ಆಯ್ಕೆಗಳಿವೆ, ಅದು ಮೆಚ್ಚತಕ್ಕದ್ದು. ಆದರೆ ತುಂಡುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಕಾಣಿಸುತ್ತವೆ; ಹ್ರಸ್ವ ದೀರ್ಘಗಳನ್ನು ಬೇರೆ ಬೇರೆಯಾಗಿ ಬರೆಯುವ ಕನ್ನಡ ಲಿಪಿಯನ್ನು ಸೇರಿಸಿದ್ದರೆ ನನ್ನ ಮಕ್ಕಳ ಅರ್ಧ ಕಷ್ಟ ಅಲ್ಲಿಯೇ ತೀರುತ್ತಿತ್ತು.

ಚಂದಾ ಮುಂದುವರಿಸಿಲ್ಲ. ಸದ್ಯಕ್ಕೆ ಕಪ್ಪುಹಲಗೆಯ ಮೇಲೆ ಹೆಸರನ್ನು ಕನ್ನಡದಲ್ಲಿ ಬರೆದು, ಅರ್ಥ ಮುಗಿಯುವಲ್ಲೆಲ್ಲ ಬಣ್ಣದ ಸೀಮೆಸುಣ್ಣದಿಂದ ಗೆರೆ ಎಳೆದು, ತರಗತಿಯವರೆಲ್ಲರಿಂದ ಒಟ್ಟಿಗೆ ಹೇಳಿಸುತ್ತಿದ್ದೇನೆ.