ಆಲಾಪ ಮುಗಿಯೋ ಹೊತ್ತಿಗೆ ಮಲಗಿಬಿಡುವ ಸಬ್‌ವೂಫರ್

ಹತ್ತು ಇಂಚಿನ ಸೀಲ್ಡ್ ಸಬ್‌ವೂಫರ್ ಇದು, ಅಂದರೆ ಬೇಸ್ ಸದ್ದಿಗೆ ಅಂತಲೇ ಇರುವ, ತೂತಿಲ್ಲದ ಮುಚ್ಚಿದ ಸ್ಪೀಕರ್ ಪೆಟ್ಟಿಗೆ. ತಗೊಂಡು ಎರಡು ವರ್ಷದ ಮೇಲಾಯಿತು. ವ್ಯಾಟ್, ತೂಕ ಎಲ್ಲ ಬಾಕ್ಸ್ ಮೇಲೆಯೇ ಇದೆ, ಅದನ್ನು ಬಿಡುತ್ತೇನೆ. ನಾನು ಬರೆಯಲು ಕೂತಿದ್ದು ಇದರ ಆಟೋ ಸ್ಟ್ಯಾಂಡ್‌ಬೈ ಬಗ್ಗೆ, ಅಂದರೆ ಸಿಗ್ನಲ್ ಇಲ್ಲದಾಗ ತಾನೇ ಮಲಗಿ, ಬಂದಾಗ ತಾನೇ ಏಳುವ ವ್ಯವಸ್ಥೆ.

ಬರೀ ಸಿನಿಮಾ ನೋಡುವವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ವಾಲ್ಯೂಮ್ ಜಾಸ್ತಿ ಇರುತ್ತದೆ, ಸಬ್ ಎಚ್ಚರವಾಗಿಯೇ ಇರುತ್ತದೆ. ಧಾರವಾಡದ ನಮ್ಮ ಮನೆಯಲ್ಲಿ ಹಾಗಲ್ಲ. ಬೆಳಿಗ್ಗೆ ಚಹಾ ಆದ ಮೇಲೆ ಅಪ್ಪ ಮಹಡಿ ರೂಮಿಗೆ ಬರುತ್ತಾರೆ. ಕಿಟಕಿಯ ಒಂದು ಬಾಗಿಲಷ್ಟೇ ತೆರೆದು, ಫ್ಯಾನ್ ಆರಿಸಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು ಸಣ್ಣ ಸದ್ದಿನಲ್ಲಿ ಸಿತಾರ್ ಹಾಕುತ್ತಾರೆ. ಸಿತಾರ್ ವಾದಕರಾದ ರಹಿಮತ್ ಖಾನ್, ಬಾಲೇಖಾನರ ಊರು ಇದು. ತಬಲಾ ಇಲ್ಲದೆ ನುಡಿಸುವ ಆಲಾಪ, ಜೋಡ್ ಅಂತ ಅರ್ಧ ಗಂಟೆ ಹಿಡಿದರೂ ಅಪ್ಪ ಮುಂದಕ್ಕೆ ಓಡಿಸುವವರಲ್ಲ.

ಅಷ್ಟು ಹೊತ್ತು ಸಬ್‌ಗೆ ಹೋಗುವ ಸಿಗ್ನಲ್ ತೀರಾ ಕಡಿಮೆ. ಅದು ಮಲಗಿಬಿಡುತ್ತದೆ. ಆಮೇಲೆ ತಾಳದ ಭಾಗವಾದ ಗತ್ ಶುರುವಾಗಿ ತಬಲಾ ಬರುತ್ತದಲ್ಲ, ಆಗ ಎಡಗೈಯ ದಪ್ಪ ಸದ್ದಿನ ಡಗ್ಗಾನೇ ಇಲ್ಲ! ಬಲಗೈ ಪೆಟ್ಟು ಮಾತ್ರ ಕೇಳುತ್ತದೆ. ತಾಳದ ಒಂದು ಆವರ್ತನ ಕಳೆದ ಮೇಲೆ 'ಥಪ್' ಅಂತ ಸದ್ದು ಮಾಡಿ ಸಬ್ ಏಳುತ್ತದೆ. "ಏ ತಮ್ಮಾ, ಡಗ್ಗಾ ಎಲ್ಲಿ ಹೋತೋ?" ಅಂತ ಅಪ್ಪ ಕೂಗುತ್ತಾರೆ. ಎಲ್ಲರೂ ಕಾಯುವ ಜಾಗ ಅದು. ಅಲ್ಲೇ ಕೈಕೊಟ್ಟರೆ ಸಿಟ್ಟು ಬರಲ್ವಾ?

ಹಿಂದೆ ಇರುವ ಸ್ವಿಚ್‌ನಲ್ಲಿ ಆಟೋ, ಆಫ್ ಎರಡೇ. ಸದಾ ಆನ್ ಇಡಲು ದಾರಿಯೇ ಇಲ್ಲ. ಸರ್ವೀಸ್‌ನವರನ್ನು ಕೇಳಿದರೆ "ವಾಲ್ಯೂಮ್ ಹೆಚ್ಚು ಮಾಡಿ ಸರ್" ಅಂದರು. ಬೆಳಗಿನ ಹೊತ್ತು, ಓಣಿಯೆಲ್ಲ ಕೇಳುವ ಹಾಗೆ ಹಚ್ಚಬೇಕಾ?

ಕೊನೆಗೆ ದಾರಿ ಸಿಕ್ಕಿದ್ದು ಸಬ್‌ನ ಸ್ವಂತ ಸದ್ದು ಹೆಚ್ಚು ಕಡಿಮೆ ಮಾಡುವ ಗೇನ್ ತಿರುಗಣಿಯಲ್ಲಿ. ಗಡಿಯಾರದ 12ರ ಜಾಗದಲ್ಲಿದ್ದ ಅದನ್ನು 9ಕ್ಕೆ ಇಳಿಸಿದೆ. ಸ್ಪೀಕರ್‌ಗಳಿಗೆ ಸಿಗ್ನಲ್ ಕಳಿಸುವ ರಿಸೀವರ್‌ನಲ್ಲಿ ಸಬ್ ಲೆವೆಲ್ ಅಷ್ಟೇ ಪ್ರಮಾಣದಲ್ಲಿ ಏರಿಸಿದೆ. ಕಿವಿಗೆ ಸದ್ದು ಮೊದಲಿನಷ್ಟೇ, ಆದರೆ ವೈರ್‌ನಲ್ಲಿ ಬರುವ ಸಿಗ್ನಲ್ ಜೋರಾಗುತ್ತದೆ. ಸಬ್ ಮಲಗುವುದು ಬಹಳ ಅಪರೂಪವಾಯಿತು. ಲೆವೆಲ್ ತೀರಾ ಮೇಲಕ್ಕೆ ಒಯ್ಯಬೇಡಿ, ಸಿನಿಮಾ ಹಾಕಿದಾಗ ರಿಸೀವರ್ ಕಡೆಯಿಂದಲೇ ಸದ್ದು ಒಡೆಯುತ್ತದೆ.

ಇಷ್ಟಾದ ಮೇಲೆ ಈ ಪೆಟ್ಟಿಗೆಯ ಗುಣ ಗೊತ್ತಾಯಿತು. ಖರಜ ತಂತಿ ಇರುವ ಸಿತಾರ್‌ನಲ್ಲಿ ಆ ದಪ್ಪ ತಂತಿಯ ಸ್ವರ ಸುಮಾರು 70 ಹರ್ಟ್ಝ್‌ಗೆ ಇಳಿಯುತ್ತದೆ. ನನ್ನ ಕ್ರಾಸ್‌ಓವರ್ (ಸದ್ದನ್ನು ಸಬ್‌ಗೂ ಉಳಿದ ಸ್ಪೀಕರ್‌ಗಳಿಗೂ ಹಂಚುವ ಗಡಿ) 80ಕ್ಕೆ ಇದೆ. ಅಂದರೆ ಆ ಸ್ವರದ ಬುಡ ಸಬ್‌ನ ಪಾಲಿಗೆ ಬರುತ್ತದೆ. ಮೀಟಿದ ಮೇಲೆ ಅದು ನಿಧಾನಕ್ಕೆ ಕರಗುವುದು ಎಷ್ಟು ಚೊಕ್ಕವಾಗಿ ಕೇಳುತ್ತದೆ ಗೊತ್ತಾ! ಡಗ್ಗಾ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಸ್ವರ ಏರುವುದು ಬಿಡಿಬಿಡಿಯಾಗಿ ಕೇಳುತ್ತದೆ. ಸಿನಿಮಾಕ್ಕೆ ಅಂತ ತಂದ ಸಾಮಾನು ಇದು, ಇಷ್ಟು ಕೊಡುತ್ತದೆ ಅಂದುಕೊಂಡಿರಲಿಲ್ಲ. "ಈಗ ಬರೋಬ್ಬರಿ ಆತು ನೋಡು" ಅಂದರು ಅಪ್ಪ.

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಯಲ್ಲಿ ಪೋರ್ಟ್ (ಗಾಳಿ ಹೋಗುವ ತೂತು) ಇರುವ ಹನ್ನೆರಡು ಇಂಚಿನ ಪೆಟ್ಟಿಗೆಯನ್ನೂ ಕೇಳಿಸಿದ್ದರು. ಬರೀ ಬಾಂಬ್ ಸಿಡಿಯುವ ದೃಶ್ಯ. ಅಂಗಡಿಯ ದೊಡ್ಡ ಹಾಲ್‌ನಲ್ಲಿ ಚೆಂದ ಇತ್ತು. ನಮ್ಮ ರೂಮು 14 ಅಡಿ ಉದ್ದ, 11 ಅಡಿ ಅಗಲ. 14 ಅಡಿ ಉದ್ದದ ರೂಮು 40 ಹರ್ಟ್ಝ್ ಹತ್ತಿರ ತಾನೇ ಗುಂಯ್‌ಗುಡುತ್ತದೆ. ಅದಕ್ಕೆ ಇನ್ನಷ್ಟು ಬಲ ಕೊಡುವುದು ಬೇಡ ಅನ್ನಿಸಿತು. ಸೀಲ್ಡ್ ಪೆಟ್ಟಿಗೆಯ ಬೇಸ್ ಕೆಳಕ್ಕೆ ಹೋದ ಹಾಗೆ ನಿಧಾನಕ್ಕೆ ಇಳಿಯುತ್ತದೆ, ಸಣ್ಣ ರೂಮಿನ ಗೋಡೆಗಳು ಅದನ್ನು ಎತ್ತಿ ಹಿಡಿಯುತ್ತವೆ. ನನ್ನ ಬಜೆಟ್ ಮೂವತ್ತು ಸಾವಿರದೊಳಗೆ ಇತ್ತು, ಅದೂ ಒಂದು ಕಾರಣ.

ಜಾಗ ಹುಡುಕಲು ಸುಲಭದ ಉಪಾಯ ಇದೆ. ಸಬ್ ಅನ್ನು ನೀವು ಕೂರುವ ಜಾಗದಲ್ಲಿಟ್ಟು ಬೇಸ್ ಇರುವ ಹಾಡು ಹಚ್ಚಿ. ಗೋಡೆಗುಂಟ ನೆಲದ ಹತ್ತಿರ ಕಿವಿ ಒಯ್ಯಿರಿ. ಎಲ್ಲಿ ಪ್ರತಿ ಸ್ವರವೂ ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ನಮ್ಮಲ್ಲಿ ಮೂಲೆಯಲ್ಲಿ ಬರೀ ಗದ್ದಲ. ಟಿವಿ ಗೋಡೆಯ ಎಡಭಾಗದಲ್ಲಿ, ಮೂಲೆಯಿಂದ ಮೂರಡಿ ಈಚೆ, ಚೆನ್ನಾಗಿ ಕೂತಿತು. ಶೋಕೇಸಿನ ಗಾಜು ಗಲಗಲ ಅನ್ನುತ್ತಿತ್ತು, ಮಡಿಚಿದ ರಟ್ಟು ಸಿಕ್ಕಿಸಿದೆ.

ದಿನವೂ ಸಣ್ಣ ಸದ್ದಿನಲ್ಲಿ ಸಂಗೀತ ಕೇಳುವವರು ಅಂಗಡಿಯಲ್ಲಿ ಮೊದಲು ಪೆಟ್ಟಿಗೆ ಹಿಂದೆ ತಿರುಗಿಸಿ ನೋಡಿ. ಆಟೋ ಜೊತೆ ಆನ್ ಅಂತ ಬೇರೆ ಇದ್ದರೆ, ಒಂದೆರಡು ಸಾವಿರ ಹೆಚ್ಚಾದರೂ ಅದನ್ನೇ ತಗೊಳ್ಳಿ.